ಗೋಲಿನ ಹಿಂದಿನ ಕುರ್ಚಿ

ಹಣೆಗೆ ಕಟ್ಟುವ ಸಾಕ್ಷಿಪಟ್ಟಿಯನ್ನು ಸುಲತಾ ಕರ್ಕೇರ ಕಂಡುಹಿಡಿದದ್ದು ಊರುಕೇರಿಯ ಫುಟ್‌ಬಾಲಿಗೆ ನ್ಯಾಯ ಒದಗಿಸಲಿಕ್ಕೆ ಎಂದು ಮಂಗಳೂರಿನ ಪತ್ರಿಕೆಗಳು ಬರೆದವು. ಅವಳು ಅದನ್ನು ತಿದ್ದಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಫುಟ್‌ಬಾಲಿನಲ್ಲಿ ಅಂಥ ಆಸಕ್ತಿಯೇ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಬ್ಬನೇ ಒಬ್ಬ ಮನುಷ್ಯನ ತಲೆಯೊಳಗೆ ಏನಿದೆ ಎಂಬುದು. ಆ ಮನುಷ್ಯ ವಾಮನ ಸಾಲಿಯಾನ್.

ಸುಲತಾಳ ಗಂಡ ಜಯಾನಂದ ಸಹಕಾರಿ ಬ್ಯಾಂಕೊಂದರ ಗುಮಾಸ್ತ. ವಾರವಿಡೀ ಕೌಂಟರಿನ ಹಿಂದೆ ಬಾಗಿದ ಬೆನ್ನನ್ನು ಭಾನುವಾರ ಮೈದಾನದಲ್ಲಿ ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ಹವ್ಯಾಸಿ ಲೀಗಿನಲ್ಲಿ ಅವನು ರೆಫ್ರಿ. ಅದರಿಂದ ಅವನಿಗೆ ಸಿಗುತ್ತಿದ್ದದ್ದು ಆಟದ ನಡುವೆ ಒಂದು ಲೋಟ ಲಿಂಬೆ ಶರಬತ್ತು, ಮುಗಿದ ಮೇಲೆ ಸೋತವರ ಬೈಗುಳ. ಎರಡನ್ನೂ ಅವನು ನಗುತ್ತಲೇ ನುಂಗುತ್ತಿದ್ದ.

ಆ ವರ್ಷದ ಫೈನಲ್ಲಿನಲ್ಲಿ ದಕ್ಕೆ ಬಾಯ್ಸ್ ಮತ್ತು ಕೋಡಿ ಫ್ರೆಂಡ್ಸ್ ಎದುರುಬದುರಾಗಿದ್ದರು. ದಕ್ಕೆಯ ಹುಡುಗರೆಂದರೆ ಮೀನುಗಾರಿಕೆ ಬಂದರಿನಲ್ಲಿ ಬೆಳಿಗ್ಗೆ ಬುಟ್ಟಿ ಹೊತ್ತು ಸಂಜೆ ಚೆಂಡು ಒದೆಯುವವರು. ಅವರ ಕ್ಲಬ್ಬಿನ ಅಧ್ಯಕ್ಷ ವಾಮನ ಸಾಲಿಯಾನ್, ದಕ್ಕೆಯ ಐಸ್ ಪ್ಲಾಂಟಿನ ಧಣಿ. ಕೋಡಿ ಹೊಳೆಯಾಚೆಯ ಊರು. ಸುಲತಾಳ ತವರು ಅಲ್ಲೇ. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ, ಎರಡೂ ಕಡೆ ಒಂದೊಂದು ಗೋಲು. ಆಗ ಕೋಡಿಯವರಿಗೆ ಕಾರ್ನರ್ ಸಿಕ್ಕಿತು. ಗೋಲಿನ ಮುಂದೆ ಜನ ಮುತ್ತಿದರು, ದೂಳೆದ್ದಿತು, ಚೆಂಡು ದಕ್ಕೆಯ ನಾಲ್ಕನೇ ನಂಬರಿನ ಡಿಫೆಂಡರಿಗೆ ಬಡಿದು ಹೊರಗೆ ಹೋಯಿತು. ಕೈಗೆ ಬಡಿಯಿತೋ ಭುಜಕ್ಕೆ ಬಡಿಯಿತೋ ಎಂದು ಜನ ಬಾಯಿ ತೆರೆಯುವಷ್ಟರಲ್ಲಿ ಜಯಾನಂದ ಸೀಟಿ ಊದಿ ಪೆನಾಲ್ಟಿ ಚುಕ್ಕೆಯ ಕಡೆ ಬೆರಳು ಮಾಡಿದ್ದ. ಕೋಡಿಯವರು ಗೆದ್ದರು.

ಗೋಲಿನ ಹಿಂದೆಯೇ ನಿಂತಿದ್ದ ವಾಮನ, "ಭುಜಕ್ಕೆ ಬಡಿದದ್ದು, ನಾನು ಕಣ್ಣಾರೆ ನೋಡಿದ್ದೇನೆ. ಹೆಂಡತಿ ಮನೆಯವರಿಗೆ ಕಪ್ಪು ಕೊಡ್ಲಿಕ್ಕೆ ಬಂದವನನ್ನು ಹಿಡೀರಿ," ಎಂದು ಕೂಗಿದ. ಜನ ನುಗ್ಗಿದರು. ಯಾರೋ ಕಾರ್ನರಿನ ಬಾವುಟದ ಕೋಲು ಕಿತ್ತರು. ಆ ಕೋಲಿನ ತುದಿ ಜಯಾನಂದನ ಎಡಗಣ್ಣನ್ನು ತೆಗೆಯಿತು.

ಲೀಗಿನ ವಿಚಾರಣೆಯಲ್ಲಿ ದಕ್ಕೆಯವರು ಸಾಲುಗಟ್ಟಿ ಬಂದು ಭುಜ ಭುಜ ಎಂದರು. ಲೈನಿನಲ್ಲಿ ಬಾವುಟ ಹಿಡಿದಿದ್ದವನೂ ದಕ್ಕೆಯವನೇ, ಅವನೂ ಭುಜ ಎಂದ. ಮೊಬೈಲ್ ವಿಡಿಯೊಗಳಲ್ಲಿ ದೂಳು ಬಿಟ್ಟು ಬೇರೇನೂ ಇರಲಿಲ್ಲ. ಕಣ್ಣಿಗೆ ಬ್ಯಾಂಡೇಜು ಸುತ್ತಿಕೊಂಡು ಕುಳಿತಿದ್ದ ಜಯಾನಂದ, "ಅದು ಪೆನಾಲ್ಟಿಯೇ," ಎಂದಷ್ಟೇ ಹೇಳಿ ಸುಮ್ಮನಾದ. ರೆಫ್ರಿ ಪಕ್ಷಪಾತಿ ಎಂದು ಬರೆದು ಅವನನ್ನು ಕೈಬಿಟ್ಟರು. ಪೊಲೀಸರ ಮುಂದೆ, ಕೋಲು ಹಿಡಿದದ್ದು ಯಾರೆಂದು ಅಷ್ಟು ಜನರಲ್ಲಿ ಒಬ್ಬನೂ ನೋಡಿರಲಿಲ್ಲ.

ಕೋಲು ಹಿಡಿದ ಕೈ ಯಾವುದೆಂದು ಸುಲತಾ ಹುಡುಕಲಿಲ್ಲ. ಆ ಕೈಯನ್ನು ಅಟ್ಟಿದ ಬಾಯಿ ಯಾವುದೆಂದು ಅವಳಿಗೆ ಗೊತ್ತಿತ್ತು. ತನ್ನ ತವರಿನ ಹೆಸರನ್ನೇ ಕಲ್ಲು ಮಾಡಿ ತನ್ನ ಗಂಡನ ಮೇಲೆ ಎಸೆದವನನ್ನು, ಅಷ್ಟೇ ಜನರ ನಡುವೆ, ಅದೇ ಮೈದಾನದಲ್ಲಿ ಬೆತ್ತಲೆ ನಿಲ್ಲಿಸಬೇಕೆಂದು ಆಸ್ಪತ್ರೆಯ ವರಾಂಡದಲ್ಲಿ ಕುಳಿತೇ ನಿಶ್ಚಯಿಸಿದಳು.

ಅವಳ ಕೆಲಸವೂ ಅದಕ್ಕೆ ಒದಗಿ ಬಂತು. ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಅವಳು ಮೆದುಳಿನ ವಿದ್ಯುತ್ತಿನ ಅಲೆಗಳನ್ನು ಓದುವವಳು. ನಾವು ಒಮ್ಮೆ ಕಂಡದ್ದನ್ನು ಮತ್ತೆ ತೋರಿಸಿದರೆ ಮೆದುಳು ಒಂದು ಸಣ್ಣ ಅಲೆ ಎಬ್ಬಿಸುತ್ತದೆ. ದಾರಿಯಲ್ಲಿ ಪರಿಚಯದವರು ಎದುರಾದಾಗ ನಮಗರಿವಿಲ್ಲದೆ ತಲೆ ಆಡುವುದಿಲ್ಲವೇ, ಹಾಗೆ. ಅದಾದ ಮೇಲೆಯೇ ಮನಸ್ಸು ಎಚ್ಚರಗೊಂಡು, ಇದನ್ನು ಒಪ್ಪಿಕೊಳ್ಳಲೋ ಬೇಡವೋ ಎಂದು ಲೆಕ್ಕ ಹಾಕುವುದು. ಆ ಮೊದಲ ಅಲೆಗೆ ಪಾರ್ಟಿ ಇಲ್ಲ, ಊರಿಲ್ಲ, ನಾಚಿಕೆ ಇಲ್ಲ. ಮೈ ಬಿಸಿಯೇರಿದ್ದಾಗ ಕಂಡದ್ದಾದರೆ ವರ್ಷಗಳ ಮೇಲೂ ಅದು ಅಳಿಯುವುದಿಲ್ಲ. ಪರದೆಯಲ್ಲಿ ಮಿಂಚಿ ಹೋದ ಬರಿಯ ಚಿತ್ರ ಮಾತ್ರ ಅಲ್ಲಿ ಗುರುತು ಉಳಿಸುವುದಿಲ್ಲ. ಈ ಅಲೆಯನ್ನು ಆಸ್ಪತ್ರೆಯ ತಂತಿಗಳ ಗೊಂಡೆಯಿಲ್ಲದೆ, ಹಣೆಗೆ ಕಟ್ಟುವ ಒಂದು ಬಟ್ಟೆಪಟ್ಟಿಯಿಂದಲೇ ಹಿಡಿಯುವಂತೆ ಸುಲತಾ ಮಾಡಿದಳು. ಜೊತೆಗೆ ದುಡಿದವಳು ಸಹೋದ್ಯೋಗಿ ಫರ್ಹಾನಾ. ಉಳ್ಳಾಲದವಳು, ಗಣಿತದಲ್ಲಿ ಗಟ್ಟಿಗಿತ್ತಿ, ಮಾತಿನಲ್ಲಿ ನೇರ.

ಪಟ್ಟಿ ಸಿದ್ಧವಾದಾಗ ಸುಲತಾ ಅದನ್ನು ನೇರವಾಗಿ ವಾಮನ ಸಾಲಿಯಾನನ ಬಳಿಗೇ ಒಯ್ದಳು. ಅಷ್ಟರಲ್ಲಿ ಅವನು ಇಡೀ ಲೀಗಿನ ಅಧ್ಯಕ್ಷನಾಗಿದ್ದ, ಆದರೆ ಲೀಗಿಗೆ ರೆಫ್ರಿಗಳೇ ಇರಲಿಲ್ಲ. ಜಯಾನಂದನ ಗತಿ ಕಂಡ ಮೇಲೆ ಯಾರು ಸೀಟಿ ಮುಟ್ಟುತ್ತಾರೆ?

"ಹಳೇದನ್ನೆಲ್ಲ ಮರೆತು ಬಂದಿದ್ದೀರಿ, ನಿಮ್ಮ ದೊಡ್ಡ ಮನಸ್ಸು ಮೇಡಂ," ಎಂದ ವಾಮನ, ಐಸ್ ಪ್ಲಾಂಟಿನ ಆಫೀಸಿನಲ್ಲಿ ಅವಳಿಗೆ ಚಹಾ ತರಿಸುತ್ತ. "ಜಯಾನಂದ ಹೇಗಿದ್ದಾನೆ?"

"ಇದ್ದಾರೆ," ಎಂದಳು ಸುಲತಾ.

"ಆವತ್ತು ಹುಡುಗರು ಸ್ವಲ್ಪ ಜಾಸ್ತಿ ಮಾಡಿದ್ರು. ನನ್ಗೂ ಬೇಜಾರುಂಟು."

ಅವಳು ಚಹಾ ಕುಡಿದಳು. ಪಟ್ಟಿ ಹೇಗೆ ಕೆಲಸ ಮಾಡುತ್ತದೆಂದು ಬಿಡಿಸಿ ಹೇಳಿದಳು. ಮುಂದಿನ ಸಾಲಿನ ನೂರು ಮಂದಿ ಪ್ರೇಕ್ಷಕರ ಹಣೆಗೆ ಪಟ್ಟಿ. ಮೈದಾನದಲ್ಲಿ ಒಬ್ಬ ಹುಡುಗ ಸೀಟಿ ಹಿಡಿದು ಓಡುತ್ತಾನೆ. ಅವನಿಗೆ ಗೊತ್ತಾಗದ ತೀರ್ಪು ಬಂದರೆ ಆಟ ನಿಲ್ಲಿಸುತ್ತಾನೆ. ದೊಡ್ಡ ಪರದೆಯ ಮೇಲೆ ಎರಡು ಚಿತ್ರ ಮಿಂಚುತ್ತವೆ. ಕಾಲಿಗೆ ಹೊಡೆದದ್ದು ಒಂದು, ಚೆಂಡಿಗೆ ಹೊಡೆದದ್ದು ಇನ್ನೊಂದು. ಯಾವುದನ್ನು ನೂರು ಮೆದುಳುಗಳು ಗುರುತಿಸುತ್ತವೋ ಅದೇ ತೀರ್ಪು. ಪ್ರೇಕ್ಷಕರು ಬಾಯಲ್ಲಿ ಏನೇ ಕೂಗಲಿ.

"ಅಂದ್ರೆ ರೆಫ್ರಿಗೆ ಬೈಲಿಕ್ಕೆ ಜನಕ್ಕೆ ಆಗೂದಿಲ್ಲ. ಬೈದ್ರೆ ಅವರಿಗೇ ಬೈದ ಹಾಗೆ," ಎಂದು ವಾಮನ ತೊಡೆ ತಟ್ಟಿ ನಕ್ಕ. ಪತ್ರಿಕೆಯಲ್ಲಿ ತನ್ನ ಫೋಟೊ ಎಲ್ಲಿ ಬರಬೇಕೆಂದು ಆಗಲೇ ಅವನು ಯೋಚಿಸುತ್ತಿದ್ದ.

ಮಳೆಗಾಲ ಕಳೆದು ಲೀಗು ಶುರುವಾಯಿತು. ಮೈದಾನದ ಬದಿಯ ಒಂದು ಡೇರೆಯೇ ನಿಯಂತ್ರಣ ಕೊಠಡಿ. ಒಳಗೆ ಸುಲತಾ, ಫರ್ಹಾನಾ, ಎರಡು ಲ್ಯಾಪ್‌ಟಾಪು, ಒಂದು ಫ್ಯಾನು. ಮೊದಮೊದಲು ಜನಕ್ಕೆ ಅದೊಂದು ತಮಾಷೆ. "ಫೌಲ್ ಅಲ್ಲ, ಫೌಲ್ ಅಲ್ಲ" ಎಂದು ಗಂಟಲು ಹರಿದುಕೊಳ್ಳುವವರ ಹಣೆಯೇ ಫೌಲೆಂದು ಸಾಕ್ಷಿ ಹೇಳುವುದು, ಪರದೆಯ ಮೇಲೆ ಸಂಖ್ಯೆ ಬಂದೊಡನೆ ಅವರು ಪಕ್ಕದವನ ಹಣೆಯನ್ನು ಅನುಮಾನದಿಂದ ನೋಡುವುದು. ಆಮೇಲೆ ತಮಾಷೆ ಮನೆಗಳಿಗೆ ಹೊಕ್ಕಿತು. ಬೋಟಿನ ಎಂಜಿನು ರಿಪೇರಿ ಮಾಡುವ ಒಬ್ಬ ತಂದೆಯ ಸಾಕ್ಷಿಯೂ ಸೇರಿ ಅವನ ಮಗನಿಗೇ ಕೆಂಪು ಕಾರ್ಡು ಸಿಕ್ಕಿತು. ಮಗ ಅಪ್ಪನೊಡನೆ ಊಟಕ್ಕೆ ಕೂರುವುದನ್ನು ಬಿಟ್ಟ. "ನಾನು ಎಂತ ಮಾಡ್ಲಿ ಮೇಡಂ, ಕಣ್ಣಿಗೆ ಕಂಡದ್ದು ಕಂಡಿತು," ಎಂದು ಆ ಮನುಷ್ಯ ಡೇರೆಗೆ ಬಂದು ಪಟ್ಟಿ ಹಿಂದೆ ಕೊಟ್ಟು ಹೋದ.

ದಕ್ಕೆಯವರು ಬೇಗ ಉಪಾಯ ಕಂಡುಕೊಂಡರು. ತಮ್ಮ ಗೋಲಿನ ಬಳಿ ಚೆಂಡು ಬಂತೆಂದರೆ ಮುಂದಿನ ಸಾಲಿನವರೆಲ್ಲ ಗಟ್ಟಿಯಾಗಿ ಕಣ್ಣು ಮುಚ್ಚುತ್ತಿದ್ದರು. ಕಾಣದಿದ್ದರೆ ಸಾಕ್ಷಿಯೂ ಇಲ್ಲ. ಆಟ ನೋಡಲು ಬಂದವರು, ಆಟ ರಂಗೇರಿದ ಹೊತ್ತಿಗೆ ದೇವಸ್ಥಾನದಲ್ಲಿ ನಿಂತವರ ಹಾಗೆ ಕಣ್ಣು ಮುಚ್ಚಿ ನಿಲ್ಲುವುದನ್ನು ಕಂಡು ಫರ್ಹಾನಾ ಮೊದಲು ನಕ್ಕಳು, ಆಮೇಲೆ ನಗಲಿಲ್ಲ.

"ಮೇಡಂ, ನಾವು ಇವರಿಗೆ ಸತ್ಯ ಕಲಿಸ್ತೇವೆ ಅಂದುಕೊಂಡೆವು. ಇವರು ಕುರುಡರಾಗ್ಲಿಕ್ಕೆ ಕಲಿತರು."

"ಕಣ್ಣು ಮುಚ್ಚಿದ್ರೆ ಪಟ್ಟಿಗೆ ಗೊತ್ತಾಗ್ತದೆ. ಅಂಥವರನ್ನು ಎಬ್ಬಿಸಿ ಬೇರೆಯವರನ್ನು ಕೂರಿಸು," ಎಂದಳು ಸುಲತಾ. ಅವಳ ಚಿತ್ತ ಅಲ್ಲಿರಲಿಲ್ಲ. ಪರದೆಯ ಮೂಲೆಯಲ್ಲಿ ಮೊದಲನೇ ಕುರ್ಚಿಯ ಅಲೆ ಓಡುತ್ತಿತ್ತು. ಅದು ವಾಮನನ ಕುರ್ಚಿ. ಪ್ರತಿ ಭಾನುವಾರ ಜಂಬದಿಂದ ಮೊದಲ ಪಟ್ಟಿ ಕಟ್ಟಿಸಿಕೊಳ್ಳುವವನು ಅವನೇ.

ಪಟ್ಟಿಯನ್ನು ಹೊಂದಿಸಲು ಆಟಕ್ಕೆ ಮುಂಚೆ ಪ್ರತಿಯೊಬ್ಬರಿಗೂ ಕೆಲವು ಚಿತ್ರ ತೋರಿಸುತ್ತಿದ್ದರು. ಬಂದರು, ಬಸ್ ಸ್ಟ್ಯಾಂಡು, ಅವರವರ ಮನೆಯ ಬಾಗಿಲು. ಒಂದು ಭಾನುವಾರ ಸುಲತಾ ವಾಮನನ ಚಿತ್ರಗಳ ನಡುವೆ ತಾನೇ ಬರೆದ ಎರಡನ್ನು ಸೇರಿಸಿದಳು. ನಾಲ್ಕನೇ ನಂಬರಿನ ಡಿಫೆಂಡರು, ಗೋಲಿನ ಬಲಗಂಬ, ಚೆಂಡು. ಒಂದರಲ್ಲಿ ಚೆಂಡು ಭುಜಕ್ಕೆ, ಇನ್ನೊಂದರಲ್ಲಿ ಎತ್ತಿದ ಕೈಗೆ. ಎರಡೂ ರೆಪ್ಪೆ ಬಡಿಯುವಷ್ಟರಲ್ಲಿ ಬಂದು ಹೋದವು, ವಾಮನ ಆಕಳಿಸಿದ. ಭುಜದ ಚಿತ್ರಕ್ಕೆ ಅಲೆ ನೀರಿನ ಹಾಗೆ ಸಪಾಟಾಗಿತ್ತು. ಕೈಯ ಚಿತ್ರಕ್ಕೆ ಅದು ಗೋಡೆಯಂತೆ ಎದ್ದು ನಿಂತಿತು.

ಅವನು ನೋಡಿದ್ದ. ನೋಡಿಯೇ ಜನರನ್ನು ಅಟ್ಟಿದ್ದ.

ಸುಲತಾಳ ಬೆನ್ನಹುರಿಯಲ್ಲಿ ಏನೋ ಸಿಹಿಯಾದದ್ದು ಹರಿಯಿತು. ಪಕ್ಕದಲ್ಲಿದ್ದ ಫರ್ಹಾನಾ ಎಲ್ಲವನ್ನೂ ನೋಡಿದ್ದಳು.

"ಇದು ಅವರನ್ನು ಕೇಳದೆ ಮಾಡಿದ್ದು. ತಪ್ಪು ಮೇಡಂ."

"ಕಣ್ಣು ತೆಗೀಲಿಕ್ಕೆ ಅವನು ನಮ್ಮನ್ನು ಕೇಳಿದ್ನಾ?"

"ಅವನು ಮಾಡಿದ್ದು ನಾವು ಮಾಡ್ಲಿಕ್ಕೆ ಆಗ್ತದಾ? ಇವತ್ತು ಇವನ ತಲೆಯೊಳಗೆ ಇಣುಕಿದ್ದು ಗೊತ್ತಾದ್ರೆ ನಾಳೆ ಯಾರೂ ಪಟ್ಟಿ ಕಟ್ಟೂದಿಲ್ಲ."

"ಫೈನಲ್ ತನಕ ಕಟ್ಟಿದ್ರೆ ಸಾಕು," ಎಂದಳು ಸುಲತಾ. ಫೈನಲ್ಲಿಗೆ ಮತ್ತೆ ದಕ್ಕೆ ಮತ್ತು ಕೋಡಿಯೇ ಬಂದಿದ್ದವು.

ಅವಳಿಗೆ ಇನ್ನೊಂದೇ ಬೇಕಾಗಿತ್ತು. ಎಲ್ಲರ ಮುಂದೆ ವಾಮನನ ಅಲೆಯ ಪಕ್ಕದಲ್ಲಿ ಜಯಾನಂದನ ಅಲೆಯನ್ನೂ ಇಟ್ಟು ತೋರಿಸಬೇಕು. ಕಂಡು ಸತ್ಯ ಹೇಳಿದವನು ಇವನು, ಕಂಡು ಸುಳ್ಳು ಹೇಳಿದವನು ಅವನು.

ಜಯಾನಂದ ಈಗ ಭಾನುವಾರ ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ಟೆರೇಸಿನ ಮೇಲೆ ಬಟ್ಟೆ ಒಣಹಾಕುವುದು, ಗಿಡಗಳಿಗೆ ನೀರು, ಆಮೇಲೆ ಕುರ್ಚಿಯಲ್ಲಿ ಕುಳಿತು ರಸ್ತೆ ನೋಡುವುದು. ಬಲಗಣ್ಣಿಗೆ ಎಲ್ಲವೂ ಸಿಗಲೆಂದು ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿಯೇ ಇಟ್ಟಿರುತ್ತಿದ್ದ. ಬೀದಿಯ ಮಕ್ಕಳು ಅವನಿಗೆ ಒಕ್ಕಣ್ಣ ರೆಫ್ರಿ ಎನ್ನುತ್ತಿದ್ದರು. ಅವನು ಸಿಟ್ಟಾದದ್ದನ್ನು ಸುಲತಾ ಒಮ್ಮೆಯೂ ಕಂಡಿರಲಿಲ್ಲ. ಅವನ ಪಾಲಿನ ಸಿಟ್ಟನ್ನೂ ತಾನೇ ಹೊತ್ತಿದ್ದೇನೆಂದು ಅವಳು ತಿಳಿದಿದ್ದಳು.

ಫೈನಲ್ಲಿನ ವಾರ ಸಂಜೆ ಟೆರೇಸಿನಲ್ಲಿ ಅವಳು ಪಟ್ಟಿ ತಂದು ಅವನ ಹಣೆಗೆ ಕಟ್ಟಿದಳು. ಇಷ್ಟು ದಿನ ಬೇಡವೆನ್ನುತ್ತಿದ್ದವನು ಅಂದು ಸುಮ್ಮನೆ ತಲೆ ಬಗ್ಗಿಸಿದ. ಭುಜದ ಚಿತ್ರ ಬಂತು. ಅಲೆ ಸಪಾಟು. ಕೈಯ ಚಿತ್ರ ಬಂತು. ಆಗಲೂ ಸಪಾಟು. ಸುಲತಾ ಪಟ್ಟಿ ಬಿಗಿಮಾಡಿ ಮತ್ತೆ ತೋರಿಸಿದಳು. ಅದೇ.

"ನೀವು ನೋಡ್ಲೇ ಇಲ್ಲವಾ?" ಎಂದಳು.

"ಇಲ್ಲ," ಎಂದ ಜಯಾನಂದ. "ಕೋಡಿಯ ಒಂಬತ್ತನೇ ನಂಬರಿನವ ಅಡ್ಡ ಬಂದಿದ್ದ. ಅವನ ಬೆನ್ನು ಬಿಟ್ಟು ಬೇರೇನೂ ಕಾಣ್ಲಿಲ್ಲ."

"ಮತ್ತೆ ಪೆನಾಲ್ಟಿ ಕೊಟ್ಟದ್ದು?"

"ತಲೆ ಎತ್ತಿದೆ. ಗೋಲಿನ ಹಿಂದೆ ವಾಮನಣ್ಣ ನಿಂತಿದ್ರು. ಎರಡೂ ಕೈ ತಲೆ ಮೇಲೆ, ಬಾಯಿ ತೆರೆದದ್ದು ತೆರೆದೇ. ಮನೆಗೆ ಬೆಂಕಿ ಬಿದ್ದದ್ದನ್ನು ನೋಡಿದವರ ಹಾಗೆ. ಅವರ ಹುಡುಗ ಕೈ ಹಾಕದಿದ್ರೆ ಆ ಮುಖ ಯಾಕೆ? ಆ ಮುಖ ನೋಡಿ ಸೀಟಿ ಊದಿದೆ. ಅದು ಪೆನಾಲ್ಟಿಯೇ ಸುಲತಾ. ನನಗೆ ಆಗಲೂ ಸಂಶಯ ಇರ್ಲಿಲ್ಲ, ಈಗಲೂ ಇಲ್ಲ."

"ವಿಚಾರಣೆಯಲ್ಲಿ ಹೇಳ್ಬಹುದಿತ್ತಲ್ಲ."

"ಏನಂತ ಹೇಳೂದು? ಚೆಂಡು ನೋಡ್ಲಿಲ್ಲ, ಅಧ್ಯಕ್ಷರ ಮುಖ ನೋಡಿ ಕೊಟ್ಟೆ ಅಂತವಾ? ಇನ್ನೊಂದು ಕಣ್ಣನ್ನೂ ತೆಗೀತಿದ್ರು." ಅವನು ಪಟ್ಟಿ ಬಿಚ್ಚಿ ಅವಳ ಕೈಗಿಟ್ಟ. "ನೀನು ಭಾನುವಾರ ಏನು ಮಾಡ್ಲಿಕ್ಕೆ ಹೊರಟಿದ್ದಿ ಅಂತ ನನಗೆ ಗೊತ್ತುಂಟು. ಮಾಡ್ಬೇಡ. ಅವರು ನನಗೂ ಪಟ್ಟಿ ಕಟ್ಟು ಅಂತಾರೆ."

ಮರುದಿನ ಪ್ರಯೋಗಾಲಯದಲ್ಲಿ ಅವಳು ಇನ್ನೂ ಎರಡು ಚಿತ್ರ ಬರೆದಳು. ಗೋಲಿನ ಹಿಂದೆ ವಾಮನ ಕೈಯೆತ್ತಿ ರೆಫ್ರಿಗೆ ಬೈಯುತ್ತಿರುವುದು ಒಂದು, ತಲೆಯ ಮೇಲೆ ಎರಡೂ ಕೈ ಹೊತ್ತದ್ದು ಇನ್ನೊಂದು. ಗಂಡನ ಮಾತನ್ನು ಪರೀಕ್ಷಿಸಬೇಕೆಂದು ಬರೆದದ್ದು. ಬರೆದ ಮೇಲೆ ಮನೆಗೆ ಒಯ್ಯಲು ಧೈರ್ಯ ಬರಲಿಲ್ಲ. ಅವು ಲ್ಯಾಪ್‌ಟಾಪಿನಲ್ಲೇ ಉಳಿದವು.

ಫೈನಲ್ಲಿನ ದಿನ ಮೈದಾನ ತುಂಬಿ ಗೋಡೆಯ ಮೇಲೂ ಜನ ಹತ್ತಿದ್ದರು. ಪ್ರತಿ ಬಾರಿಯಂತೆ ವಾಮನ ಮೈಕು ಹಿಡಿದು, ಇಡೀ ದೇಶದಲ್ಲಿ ಇಂಥ ವ್ಯವಸ್ಥೆ ನಮ್ಮಲ್ಲಿ ಮಾತ್ರ ಎಂದು ಭಾಷಣ ಮಾಡಿದ. "ಮೊದಲು ನನಗೇ ಕಟ್ಟಿ, ಮೇಡಂ. ಎಲ್ಲರೂ ನೋಡ್ಲಿ," ಎಂದು ಗೋಲಿನ ಹಿಂದೆ ಹಾಕಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪರದೆಗೆದುರಾಗಿ ಕುಳಿತ.

"ಮೇಡಂ, ಬೇಡ," ಎಂದು ಡೇರೆಯೊಳಗೆ ಫರ್ಹಾನಾ ಮೆಲ್ಲಗೆ ಹೇಳಿದಳು.

ಸುಲತಾ ಗುಂಡಿ ಒತ್ತಿದಳು.

ದೊಡ್ಡ ಪರದೆಯ ಮೇಲೆ ನಾಲ್ಕನೇ ನಂಬರಿನ ಅಂಗಿ, ಬಲಗಂಬ, ಚೆಂಡು. ಒಂದು ಮೂಲೆಯಿಂದ ಗುಜುಗುಜು ಎದ್ದಿತು. ಆ ಕಾರ್ನರನ್ನು ಮರೆತವರು ಆ ಊರಲ್ಲಿ ಇರಲಿಲ್ಲ. ಪರದೆಯಲ್ಲಿ ಅಕ್ಷರ ಮೂಡಿತು: ಚೆಂಡು ಭುಜಕ್ಕೆ, ಕಂಡಿಲ್ಲ. ಚೆಂಡು ಕೈಗೆ, ಕಂಡಿದೆ.

ಸುಲತಾ ಮೈಕು ತೆಗೆದುಕೊಂಡಳು. "ವಾಮನಣ್ಣ, ನಿಮ್ಮ ಹುಡುಗ ಕೈ ಹಾಕಿದ್ದನ್ನು ನೀವು ನೋಡಿದ್ದೀರಿ. ನೋಡಿಯೂ ನನ್ನ ಗಂಡನ ಮೇಲೆ ಜನ ಬಿಟ್ಟಿರಿ. ನಿಮ್ಮ ತಲೆಯೇ ಹೇಳ್ತಾ ಉಂಟು."

ವಾಮನ ಪಟ್ಟಿಯನ್ನು ಹರಿಯುವಂತೆ ಎಳೆದು ತೆಗೆದ. ಅವನ ಕಿವಿ ಕೆಂಪಾಗಿತ್ತು, ಆದರೆ ಸೋಲುವ ಜಾತಿಯಲ್ಲ. "ಇದು ಮೋಸ. ಇವಳು ಕೋಡಿಯವಳು, ಯಂತ್ರವೂ ಕೋಡಿಯದ್ದೇ. ಅಷ್ಟು ಸತ್ಯ ಬೇಕಾದ್ರೆ ಇವಳ ಗಂಡನಿಗೆ ಕಟ್ಟಿ. ಅವನು ನೋಡಿದ್ದಾನಾ ಅಂತ ತೋರಿಸ್ಲಿ."

"ಹೌದು, ರೆಫ್ರಿಗೂ ಕಟ್ಟಿ," ಎಂದು ದಕ್ಕೆಯ ಕಡೆಯಿಂದ ಕೂಗೆದ್ದಿತು. ಸುಲತಾ ಮೈಕನ್ನು ಬಾಯಿಗೆ ತಂದಳು. ಅವರು ಮನೆಯಲ್ಲಿದ್ದಾರೆ ಎಂದು ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಗೇಟಿನ ಬಳಿ ಜನ ದಾರಿ ಬಿಡುವುದು ಕಂಡಿತು. ಜಯಾನಂದ ಬರುತ್ತಿದ್ದ, ಮುಖವನ್ನು ಎಡಕ್ಕೆ ವಾಲಿಸಿಕೊಂಡು, ಬ್ಯಾಂಕಿಗೆ ಹೋಗುವ ಅಂಗಿಯಲ್ಲಿ. ಯಾರೊಡನೆಯೂ ಮಾತಾಡದೆ ಬಂದು ಕುರ್ಚಿಯಲ್ಲಿ ಕುಳಿತು ಪಟ್ಟಿಯನ್ನು ತಾನೇ ಕಟ್ಟಿಕೊಂಡ.

ಸುಲತಾಳ ಬೆರಳು ಏಳಲಿಲ್ಲ. ಗುಂಡಿ ಒತ್ತಿದವಳು ಫರ್ಹಾನಾ. ಚೆಂಡು ಭುಜಕ್ಕೆ, ಕಂಡಿಲ್ಲ. ಚೆಂಡು ಕೈಗೆ, ಕಂಡಿಲ್ಲ.

ದಕ್ಕೆಯ ಕಡೆ ನಗೆ ಸಿಡಿಯಿತು, ಸಿಳ್ಳೆ, ಕುರ್ಚಿಗಳ ಸದ್ದು. "ನೋಡದೇ ಕೊಟ್ಟದ್ದಾ ಒಕ್ಕಣ್ಣ?" ಎಂದು ಯಾರೋ ಕೂಗಿದರು. ಕೋಡಿಯವರು ತಲೆ ತಗ್ಗಿಸಿದರು. ವಾಮನ ಎರಡೂ ಕೈ ಚಾಚಿ, ಕೇಳಿದಿರಲ್ಲ ಎಂಬಂತೆ ಜನರ ಕಡೆ ತಿರುಗಿದ.

ಜಯಾನಂದ ಕೈಯೆತ್ತಿದ. ಹಳೆಯ ರೆಫ್ರಿಯ ಕೈ. ಜನ ತಮಗರಿವಿಲ್ಲದೆ ಸುಮ್ಮನಾದರು.

"ನಾನು ಚೆಂಡು ನೋಡ್ಲಿಲ್ಲ," ಎಂದ. ದನಿ ಎತ್ತರಿಸಲಿಲ್ಲ. "ಆವತ್ತು ನಾನು ನೋಡಿದ್ದು ವಾಮನಣ್ಣನ ಮುಖ. ಸುಲತಾ, ಮುಖದ ಚಿತ್ರ ಬರೆದಿರ್ತೀಯಲ್ಲ, ಅದನ್ನು ಹಾಕು."

ತಾನು ಬರೆದದ್ದು ಇವನಿಗೆ ಹೇಗೆ ಗೊತ್ತಾಯಿತೆಂದು ಕೇಳಿಕೊಳ್ಳಲು ಸುಲತಾಳಿಗೆ ಪುರುಸೊತ್ತು ಇರಲಿಲ್ಲ. ತನ್ನ ಸ್ವಭಾವ ಅವನಿಗೆ ಗೊತ್ತು, ಅಷ್ಟೇ. ಚಿತ್ರಗಳು ಮಿಂಚಿದವು. ವಾಮನ ಕೈಯೆತ್ತಿ ಬೈಯುವುದು, ಕಂಡಿಲ್ಲ. ವಾಮನ ತಲೆಯ ಮೇಲೆ ಕೈ ಹೊತ್ತದ್ದು, ಕಂಡಿದೆ. ಪರದೆಯ ತುಂಬ ಗೋಡೆಯಂತೆ ನಿಂತ ಅಲೆ.

ಅರ್ಥವಾಗಲು ಜನಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಅರ್ಥ ಮಾಡಿಕೊಂಡವನು ದಕ್ಕೆಯವನೇ, ಮೀನಿನ ಲಾರಿ ಓಡಿಸುವ ಒಬ್ಬ ಮುದುಕ. "ಹಾಗಾದ್ರೆ ಆ ಪೆನಾಲ್ಟಿ ಕೊಟ್ಟದ್ದು ಜಯಾನಂದ ಅಲ್ಲ ಮಾರಾಯರೆ. ನಮ್ಮ ವಾಮನಣ್ಣ," ಎಂದ. ನಗೆ ಈ ಸಲ ಇಡೀ ಮೈದಾನದಿಂದ ಬಂತು. ಅದರಲ್ಲಿ ದಕ್ಕೆಯ ದನಿಯೂ ಇತ್ತು. ವಾಮನ ಏನೋ ಹೇಳಲು ನೋಡಿದ, ಯಾರಿಗೂ ಕೇಳಿಸಲಿಲ್ಲ.

ನಗೆ ಇಳಿಯುತ್ತಿದ್ದಂತೆ ಫರ್ಹಾನಾ ಹೆದರಿದ್ದು ನಡೆಯಿತು. ಮುಂದಿನ ಸಾಲಿನ ಒಬ್ಬ ಹೆಂಗಸು ಪಟ್ಟಿ ಬಿಚ್ಚಿ ಕುರ್ಚಿಯ ಮೇಲಿಟ್ಟಳು. ಪಕ್ಕದವನೂ ಬಿಚ್ಚಿದ. ಇವತ್ತು ಕಾರ್ನರು ಕೇಳಿದವರು ನಾಳೆ ಏನು ಕೇಳುತ್ತಾರೋ. ಗಳಿಗೆಯೊಳಗೆ ನೂರು ಹಣೆಯೂ ಖಾಲಿಯಾಯಿತು. ಸೀಟಿ ಹಿಡಿದಿದ್ದ ಹುಡುಗ, ಪಟ್ಟಿಯಿಲ್ಲದೆ ತನ್ನಿಂದಾಗದೆಂದು ಸೀಟಿಯನ್ನು ಜಯಾನಂದನ ಅಂಗೈಗೆ ಹಾಕಿದ. ಎರಡೂ ತಂಡದ ನಾಯಕರು ಒಪ್ಪಿದರು. ಆವತ್ತು ಆ ಮೈದಾನದಲ್ಲಿ ನಂಬಲು ಬೇರೆ ಯಾರಿದ್ದರು?

"ಆಡಿಸ್ತೇನೆ," ಎಂದ ಜಯಾನಂದ. "ಆದ್ರೆ ನನಗೆ ಒಂದೇ ಕಣ್ಣು. ಕಾಣದ್ದು ತುಂಬ ಉಂಟು. ವಾಮನಣ್ಣ ಇದೇ ಕುರ್ಚಿಯಲ್ಲಿ, ಇಲ್ಲೇ, ಆಟ ಮುಗಿಯುವ ತನಕ ಕೂತುಕೊಳ್ಬೇಕು. ನನಗೆ ಕಾಣದ್ದನ್ನು ಅವರ ಮುಖದಲ್ಲಿ ನೋಡ್ತೇನೆ."

"ಏನು ಹೇಳ್ತಿದ್ದಿ ನೀನು?" ಎಂದು ವಾಮನ ಎದ್ದ.

"ಕೂತುಕೊಳ್ಳಿ ವಾಮನಣ್ಣ," ಎಂದ ದಕ್ಕೆಯ ನಾಯಕ. "ನೀವು ಹೋದ್ರೆ ಆಟ ಇಲ್ಲ, ಕಪ್ಪು ಅವರಿಗೆ ಹೋಗ್ತದೆ. ನಿಮ್ಮಿಂದ ಒಂದು ಸಲ ಹೋದದ್ದು ಸಾಕು."

ತನ್ನ ಪ್ಲಾಂಟಿನಲ್ಲಿ ಐಸು ಹೊರುವ ಆ ಹುಡುಗನ ಮಾತಿಗೆ ವಾಮನ ಕುಳಿತ.

ಅಂಥ ಆಟವನ್ನು ಆ ಊರು ಕಂಡಿರಲಿಲ್ಲ. ಚೆಂಡು ಎಲ್ಲಿದ್ದರೂ ಅರ್ಧ ಜನರ ಕಣ್ಣು ಗೋಲಿನ ಹಿಂದಿನ ಕುರ್ಚಿಯ ಮೇಲೆ. ವಾಮನ ಕೆಮ್ಮಿದರೆ ಪಿಸುಗುಟ್ಟಿದರು. ಬೆವರು ಒರೆಸಲು ಟವೆಲನ್ನು ಮುಖಕ್ಕೆ ಹಿಡಿದ. ಜಯಾನಂದ ಆಟ ನಿಲ್ಲಿಸಿ ಬಂದು, "ಟವೆಲ್ ತೆಗೀರಿ ವಾಮನಣ್ಣ, ಮುಖ ಕಾಣ್ಬೇಕು," ಎಂದು ಅದನ್ನು ಮರ್ಯಾದೆಯಿಂದಲೇ ತೆಗೆದು ಅವನ ತೊಡೆಯ ಮೇಲೆ ಮಡಿಸಿಟ್ಟ. ಡೇರೆಯಲ್ಲಿ ಕುಳಿತ ಸುಲತಾ ಇದನ್ನೆಲ್ಲ ನೋಡುತ್ತಿದ್ದಳು. ಇಷ್ಟು ಕಾಲ ತಾನು ಬಯಸಿದ್ದು ಇದನ್ನೇ. ವಾಮನನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಗೇಟಿನ ಕಡೆ ನಡೆದುಹೋದಾಗಲೂ ಸುಲತಾ ಕಣ್ಣು ತಪ್ಪಿಸಲಿಲ್ಲ.

ಗೋಲಿಲ್ಲದೆ ಆಟ ಕೊನೆಗೆ ಬಂತು. ಕೋಡಿಯ ಹುಡುಗನೊಬ್ಬ ಚೆಂಡು ಹಿಡಿದು ದಕ್ಕೆಯ ಗೋಲಿನತ್ತ ನುಗ್ಗಿದ. ದಕ್ಕೆಯ ಡಿಫೆಂಡರು ಜಾರಿ ಬಂದು ಕಾಲು ಹಾಕಿದ, ಕೋಡಿಯವನು ಹಾರಿ ಬಿದ್ದ. ಡೇರೆ ಇದ್ದದ್ದು ಆ ಬದಿಯಲ್ಲೇ. ಸುಲತಾಳಿಗೆ ನಿಚ್ಚಳವಾಗಿ ಕಂಡಿತು. ದಕ್ಕೆಯವನ ಕಾಲು ಮುಟ್ಟಿದ್ದು ಚೆಂಡನ್ನು. ಚೆಂಡನ್ನು ಮಾತ್ರ.

ಮೈದಾನವೆಲ್ಲ ಒಮ್ಮೆಲೇ ವಾಮನನತ್ತ ತಿರುಗಿತು. ಅಷ್ಟು ಮುಖಗಳು ತನ್ನತ್ತ ತಿರುಗಿದ್ದನ್ನು ಕಂಡು ವಾಮನನ ಕೈಗಳು ತೊಡೆಯಿಂದ ಮೇಲೆದ್ದು ತಲೆಯ ಕಡೆ ಅರ್ಧ ದಾರಿ ಹೋದವು. ಬೆಚ್ಚಿ 'ಇಲ್ಲ' ಎಂದು ತಡೆದು, ಎರಡೂ ಕೈಗಳನ್ನು ತನ್ನ ತೊಡೆಯಡಿಗೆ ತುರುಕಿಕೊಂಡು ಕುಳಿತ. ಜಯಾನಂದ ಆ ಕೈಗಳನ್ನು ನೋಡಿದ. ಸೀಟಿ ಊದಿ ಪೆನಾಲ್ಟಿ ಚುಕ್ಕೆಗೆ ಬೆರಳು ಮಾಡಿದ.

ಒಬ್ಬರೂ ತಕರಾರು ಎತ್ತಲಿಲ್ಲ. ದಕ್ಕೆಯ ಡಿಫೆಂಡರು ಮಾತ್ರ, "ಅಣ್ಣ, ಚೆಂಡಿಗೇ ಹಾಕಿದ್ದು, ದೇವರಾಣೆ," ಎಂದ. ಅವನ ತಂಡದವರೇ ಅವನನ್ನು ಎಳೆದುಕೊಂಡು ಹೋದರು. ಕೋಡಿ ಗೆದ್ದಿತು. ಜಯಾನಂದ ಮೈದಾನದಿಂದ ಹೊರಬರುವಾಗ ಎರಡೂ ಕಡೆಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೊನೆಗೆ ವಾಮನ ಕುರ್ಚಿಯಿಂದ ಎದ್ದಾಗ ಅವನ ಜೊತೆ ನಡೆಯಲು ಯಾರೂ ಇರಲಿಲ್ಲ. ಫರ್ಹಾನಾ ಪಟ್ಟಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಸುಲತಾಳ ಮುಖ ನೋಡದೆ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಮನೆಯಲ್ಲಿ ಜಯಾನಂದ ಸ್ನಾನ ಮಾಡಿ ಬಂದು ಊಟಕ್ಕೆ ಕುಳಿತ. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ಎಷ್ಟೋ ಕಾಲದಿಂದ ಅನ್ನವನ್ನು ಕಲಸಿ ಹಾಗೆಯೇ ಬಿಟ್ಟೇಳುತ್ತಿದ್ದವನು ಇವತ್ತು ಬೆರಳು ನೆಕ್ಕಿ ಉಣ್ಣುತ್ತಿದ್ದ. ಸುಲತಾ ಎದುರು ಕುಳಿತು ತಡೆದು ತಡೆದು ಕೊನೆಗೆ ಹೇಳಿದಳು.

"ಅದು ಫೌಲ್ ಅಲ್ಲ. ನಾನು ಡೇರೆಯಿಂದ ನೋಡಿದೆ. ನಿಮ್ಮ ಎಡಗಡೆ ಆದದ್ದಲ್ಲವಾ, ಹಾಗಾಗಿ ನಿಮಗೆ ಕಾಣ್ಲಿಲ್ಲ."

"ನನ್ನ ಮುಖ ಆ ಕಡೆಗೇ ಇತ್ತು," ಎಂದ ಜಯಾನಂದ, ಮುಳ್ಳು ಬಿಡಿಸುತ್ತ. "ಚೆನ್ನಾಗಿ ಕಂಡಿತು. ಅವನು ಚೆಂಡಿಗೇ ಹಾಕಿದ್ದು."

"ಕಂಡೂ ಪೆನಾಲ್ಟಿ ಕೊಟ್ಟದ್ದಾ?" ಎಂದಳು ಅವಳು.

"ಆವತ್ತು ನೋಡದೆ ಸರಿ ಕೊಟ್ಟೆ. ಕಣ್ಣು ತೆಗೆದ್ರು," ಎಂದ ಅವನು. "ಇವತ್ತು ನೋಡಿಯೇ ತಪ್ಪು ಕೊಟ್ಟೆ. ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಅವನು ಆ ಕುರ್ಚಿಯಲ್ಲಿ ಕೂತದ್ದು ನೋಡಿದ್ಯಲ್ಲ, ತನ್ನ ಕೈ ಮೇಲೆ ತಾನೇ ಕೂತುಕೊಂಡು? ಮುಂದಿನ ವರ್ಷವೂ ಅಲ್ಲೇ ಕೂರಿಸ್ತೇನೆ. ಅದರ ಮುಂದಿನ ವರ್ಷವೂ."

ಅವನ ದನಿಯಲ್ಲಿ ಬಿಸಿ ಇರಲಿಲ್ಲ. ಬೆಲೆಪಟ್ಟಿ ಓದುವವನಂತೆ ಹೇಳಿದ. ಅವನ ಸಿಟ್ಟನ್ನು ತಾನು ಹೊತ್ತಿದ್ದೇನೆಂದು ಇಷ್ಟು ದಿನ ಅಂದುಕೊಂಡಿದ್ದ ಸುಲತಾಳಿಗೆ, ಅವನ ಸಿಟ್ಟು ಇಷ್ಟು ದೊಡ್ಡದೆಂದೂ ಇಷ್ಟು ತಣ್ಣಗಿನದೆಂದೂ ಇವತ್ತೇ ಗೊತ್ತಾದದ್ದು. ದೇವರಾಣೆ ಎಂದ ಆ ಡಿಫೆಂಡರ್ ಹುಡುಗನ ಮುಖ ಅವಳ ಕಣ್ಣೆದುರು ಬಂತು.

"ಇನ್ನೆರಡು ತುಂಡು ಹಾಕು," ಎಂದ ಜಯಾನಂದ ತಟ್ಟೆ ಮುಂದೆ ಸರಿಸಿ.

ಹಾಕಿದಳು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಲೀಗಿನ ಕಾರ್ಯದರ್ಶಿ. ಮುಂದಿನ ವರ್ಷಕ್ಕೆ ಜಯಾನಂದನನ್ನೇ ಮುಖ್ಯ ರೆಫ್ರಿ ಮಾಡಬೇಕೆಂದು ಎಲ್ಲ ಕ್ಲಬ್ಬಿನವರೂ ಒಮ್ಮತದಿಂದ ಹೇಳುತ್ತಿದ್ದಾರಂತೆ, ಅಂಥ ಪ್ರಾಮಾಣಿಕ ಮನುಷ್ಯ ಇನ್ನೊಬ್ಬನಿಲ್ಲವಂತೆ. ಅವರು ಒಪ್ಪುತ್ತಾರಾ ಅಕ್ಕ ಎಂದು ಕೇಳಿದರು.

ಸುಲತಾ ಗಂಡನ ಕಡೆ ನೋಡಿದಳು. ಅವನು ಬಂಗುಡೆಯ ತಲೆ ಮುರಿಯುತ್ತ, ಹೂಂ ಎಂದು ತಲೆಯಾಡಿಸಿದ.

"ಒಪ್ಪಿದ್ದಾರೆ," ಎಂದಳು ಅವಳು ಫೋನಿಗೆ.